ನಿಲ್ಲಿಸಿದ್ದು ನಾನಾ, ನೀವಾ?

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವರು ತಪ್ಪಿದರೆ ನಾವು ಒತ್ತುತ್ತೇವೆ, ಕಾರು ನಿಲ್ಲುತ್ತದೆ. ನಿಲ್ಲಿಸಿದ್ದು ಯಾರ ಕಾಲು ಎಂದು ಯಾರೂ ಕೇಳುವುದಿಲ್ಲ. ನಿಂತಿತಲ್ಲ, ಸಾಕು. ಕೊಪ್ಪದಲ್ಲಿ ನಾನು ಹೆಂಗಸರಿಗೆ ಕಾರು ಕಲಿಸಲು ಶುರು ಮಾಡಿದ ಮೇಲೆ ಅದನ್ನು ಪ್ರತಿ ಸಲವೂ ಕೇಳಿದವಳು ಒಬ್ಬಳೇ.

ಅವಳು ನಮ್ಮೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ವಯಸ್ಸು ಮೂವತ್ತು ದಾಟಿತ್ತು. ಲ್ಯಾಬಿನ ಹುಡುಗಿ ಎಂದೇ ಊರಲ್ಲಿ ಎಲ್ಲರೂ ಅನ್ನುವುದು, ನಾನೂ ಹಾಗೇ ಅನ್ನುತ್ತೇನೆ. ನನ್ನ ಶುಗರ್ ಪರೀಕ್ಷೆಗೆ ಅವಳೇ ರಕ್ತ ತೆಗೆಯುತ್ತಿದ್ದಳು. ಸೂಜಿ ಒಳಗೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹದವಾದ ಕೈ. ಆ ಕೈ ಸ್ಟೇರಿಂಗ್ ಮುಟ್ಟಿದ್ದೇ ತಡ, ಗಡಗಡ ನಡುಗಲು ಶುರುವಾಯಿತು.

ಕಾರು ಕಲಿಯುವುದು ಅವಳಿಗೆ ಶೋಕಿಯಲ್ಲ. ಶೃಂಗೇರಿಯಿಂದಲೂ ನರಸಿಂಹರಾಜಪುರದಿಂದಲೂ ರಕ್ತದ ಸ್ಯಾಂಪಲ್ ತರಬೇಕು, ಬಸ್ಸು ಕಾಯುತ್ತ ಕೂತರೆ ಹಾಳಾಗುತ್ತದೆ. ನೀನು ಕಲಿತರೆ ಕ್ಲಿನಿಕ್ಕಿನ ಕಾರನ್ನೇ ಕೊಡುತ್ತೇನೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಬಂದಿದ್ದಳು. ಬಂದವಳು ಮೊದಲ ದಿನವೇ ಬಸ್ ಸ್ಟ್ಯಾಂಡ್ ಕೆಳಗಿನ ಇಳುಕಲಿನಲ್ಲಿ ಕಾರು ನಿಂತಾಗ ನನ್ನ ಕಡೆ ತಿರುಗಿ ಕೇಳಿದಳು:

"ಅಕ್ಕ, ಈಗ ನಿಲ್ಸಿದ್ದು ನಾನಾ, ನೀವಾ?"

ನಿಲ್ಲಿಸಿದ್ದು ನಾನು. ಆದರೆ ಹೊಸಬರಿಗೆ ಧೈರ್ಯ ತುಂಬಬೇಕಲ್ಲ. "ನೀನೇ ಮಾರಾಯ್ತಿ. ಮತ್ಯಾರು ನಿಲ್ಲಿಸ್ತಾರೆ?" ಅಂದೆ. ಅವಳ ಮುಖ ಅರಳಿತು. ಅಲ್ಲಿಂದ ಮುಂದೆ ಎಲ್ಲಿ ನಿಂತರೂ ಅದೇ ಪ್ರಶ್ನೆ, ಅದೇ ಉತ್ತರ. ಒಂದೊಂದು ಸಲ ನಿಜ, ಬಹಳ ಸಲ ಸುಳ್ಳು.

ಕಾರಿನಲ್ಲಿ ಪಕ್ಕಪಕ್ಕ ಕೂತು, ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರೆ, ಎದುರು ಕೂತಾಗ ಬಾರದ ಮಾತು ಬರುತ್ತದೆ. ಅವಳಿಗೆ ಒಂದು ಮದುವೆಯಾಗಿ ಮುರಿದಿತ್ತು. ಗಂಡ ಹೊಡೆದವನಲ್ಲ, ಕುಡಿದವನಲ್ಲ. ಹೇಳದೆ ಕೇಳದೆ ಮನೆ ಬಿಟ್ಟು ಹೋಗುತ್ತಿದ್ದ, ಅಷ್ಟೇ. ಫೋನು ಬಂದ್. ಎರಡು ದಿನವೋ ನಾಲ್ಕು ದಿನವೋ ಬಿಟ್ಟು ಬಂದು, ಏನೂ ಆಗದವನ ಹಾಗೆ ಊಟಕ್ಕೆ ಕೂರುತ್ತಿದ್ದ. ಎಲ್ಲಿಗೆ ಹೋಗಿದ್ದಿರಿ ಎಂದರೆ ನಗುತ್ತಿದ್ದ. ಒಮ್ಮೆ ಹೋದವನು ಬರಲೇ ಇಲ್ಲ, ಬೇರೆ ಊರಿನಿಂದ ವಕೀಲರ ಮೂಲಕ ಮಾತಾಡಿದ. ಅವಳು ಕೊಪ್ಪದಲ್ಲಿ ಅಣ್ಣ ಅತ್ತಿಗೆಯ ಮನೆಗೆ ಬಂದಳು.

"ನಾನು ಎಂತ ತಪ್ಪು ಮಾಡ್ದೆ ಅಂತನಾದ್ರೂ ಹೇಳಿ ಹೋಗಿದ್ರೆ ಆಗಿತ್ತು ಅಕ್ಕ. ಗೇಟ್ ಹತ್ರ ನಿಂತು ನಿಂತು, ನನ್ನ ಬುದ್ಧಿ ಮೇಲೆ ನಂಗೇ ನಂಬಿಕೆ ಹೋಯ್ತು" ಎಂದಿದ್ದಳು. ನಾನು "ಮೂರನೇ ಗೇರಿಗೆ ಹಾಕು" ಅಂದೆ. ಅವಳು ಹಾಕಿದಳು. ನಾನು ಕಿಟಕಿ ಕಡೆ ನೋಡಿದೆ.

ಆ ಹೊತ್ತಿಗೆ ಅವಳಿಗೆ ಎರಡು ಸಂಬಂಧ ಬಂದಿದ್ದವು. ಒಬ್ಬರು ನರಸಿಂಹರಾಜಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅನುಕೂಲಸ್ಥರು, ದುಶ್ಚಟವಿಲ್ಲ, ಅಣ್ಣನಿಗೆ ಪೂರಾ ಒಪ್ಪಿಗೆ. ಇನ್ನೊಬ್ಬರು ಅಡ್ಡಗದ್ದೆ ಕಡೆಯವರು, ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ಹುಡುಗಿ ನೋಡಲು ಬಂದ ದಿನ ಉಪ್ಪಿಟ್ಟು ತಿಂದು, ಎರಡು ಲೋಟ ಕಾಫಿ ಕುಡಿದು, "ನಿಮ್ಮ ಕೆಲಸದಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?" ಎಂದು ಒಂದೇ ಒಂದು ಪ್ರಶ್ನೆ ಕೇಳಿ ಹೋಗಿದ್ದರು. ಆಮೇಲೆ ಭಾನುವಾರ ಬಿಟ್ಟು ಭಾನುವಾರ ಒಂದು ಫೋನು.

ಅಂಗಡಿಯವರದ್ದು ಹಾಗಲ್ಲ. ನಮ್ಮ ಪಾಠದ ನಡುವೆಯೇ ಮೂರು ಸಲ ಬರುತ್ತಿತ್ತು. ಅವಳು ಗಡಿಬಿಡಿಯಲ್ಲಿ ಇಂಡಿಕೇಟರ್ ಹಾಕಿ, ಬದಿಗೆ ಹಾಕಿ, ಎತ್ತುವಳು. ಎಲ್ಲಿದೀಯ, ಯಾವ ತಿರುವು, ಪಕ್ಕ ಯಾರಿದ್ದಾರೆ, ನೀರು ಕುಡಿದೆಯಾ. ನನಗೆ ರೇಗುತ್ತಿತ್ತು. "ಎಂಥ ಮಾರಾಯ್ತಿ, ಇದು ಮದುವೆ ಮಾತುಕತೆಯಾ, ಪೊಲೀಸ್ ವೈರ್‌ಲೆಸ್ಸಾ?" ಎಂದು ಕಾಲೆಳೆದೆ.

ಅವಳು ನಗಲಿಲ್ಲ. "ಇಷ್ಟು ವಿಚಾರಿಸೋರು ನಂಗೆ ಯಾರಿದ್ರು ಅಕ್ಕ? ಅವರಿಗೆ ನಾನು ಎಲ್ಲಿದೀನಿ ಅಂತ ಗೊತ್ತಿರತ್ತೆ. ನಂಗೆ ಅವರು ಎಲ್ಲಿದಾರೆ ಅಂತ ಗೊತ್ತಿರತ್ತೆ. ಅಷ್ಟು ಸಾಕು."

"ಮತ್ತೆ ಅಡ್ಡಗದ್ದೆಯವರು?"

"ಅವರಿಗೆ ನನ್ ಮೇಲೆ ಮನಸ್ಸೇ ಇಲ್ಲ ಅನ್ನಿಸತ್ತೆ. ಇದ್ದಿದ್ರೆ ದಿನಾ ಫೋನ್ ಮಾಡ್ತಿರ್ಲಿಲ್ವಾ?"

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ನೀರಿಗೆ ಬಿದ್ದು ಬಂದವಳಿಗೆ ಬಿಗಿಯಾಗಿ ಹಿಡಿದ ಕೈಯೇ ಒಳ್ಳೆಯ ಕೈ ಅನ್ನಿಸುವುದು ಸಹಜ. ಆದರೆ ಮದುವೆಯೆಂದರೆ ದಡ ಸೇರಿದ ಮೇಲೂ ಆ ಕೈಯ ಜೊತೆ ಬದುಕಬೇಕು. ಈ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ನಾನು ಕಾರು ಕಲಿಸುವವಳು, ಸಂಬಂಧ ಕುದುರಿಸುವವಳಲ್ಲ.

ಕೊಪ್ಪದಲ್ಲಿ ಆರ್.ಟಿ.ಓ. ಕ್ಯಾಂಪ್ ಬಂತು. ಅವಳು ಕಾರಿನಲ್ಲಿ ಎಂಟರ ಆಕಾರಕ್ಕೆ ಸುತ್ತು ಬರೆದಳು, ರಿವರ್ಸ್ ಹೋದಳು, ಕೈ ಸಿಗ್ನಲ್ ತೋರಿಸಿದಳು. ಎಲ್ಲ ಸರಿಯಿತ್ತು. ಮರದ ಕೆಳಗೆ ನಿಂತ ನಾನು, ಇವಳು ಪಾಸು ಎಂದುಕೊಂಡೆ. ಕೊನೆಗೆ ನನ್ನ ಜಾಗದಲ್ಲಿ ಕೂತ ಆರ್.ಟಿ.ಓ. ಇನ್ಸ್‌ಪೆಕ್ಟರು ರಸ್ತೆಗೆ ಕರೆದೊಯ್ದು, "ಆ ಮೈಲಿಗಲ್ಲಿನ ಹತ್ತಿರ ನಿಲ್ಸಿ" ಅಂದರಂತೆ. ಅವಳು ಆಕ್ಸಿಲೇಟರ್ ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟು, ಅರ್ಧ ಒತ್ತಿ, ಕಾದಳು. ಉಳಿದರ್ಧ ಬರುವುದೆಂದು ಕಾದಳು. ಕಾರು ಮೈಲಿಗಲ್ಲು ದಾಟಿ, ಎದುರಿನ ತಿರುವಿನವರೆಗೆ ಹೋಯಿತು. ಅಲ್ಲಿ ಇನ್ಸ್‌ಪೆಕ್ಟರು ನನ್ನ ಪೆಡಲ್ ಒತ್ತಿದರು.

ಇವಳು ಅಭ್ಯಾಸಬಲದಿಂದ ಅವರನ್ನೂ ಕೇಳಿಬಿಟ್ಟಳು. "ಸರ್, ನಿಲ್ಸಿದ್ದು ನಾನಾ, ನೀವಾ?"

"ನಾನೇ ಕಣಮ್ಮ. ಮುಂದಿನ ಕ್ಯಾಂಪಿಗೆ ಬನ್ನಿ" ಅಂದರು ಅವರು.

ಅವಳು ನೇರ ನನ್ನ ಹತ್ತಿರ ಬಂದಳು. "ಅಕ್ಕ, ನೀವೂ ಹಂಗೇ ಮಾಡ್ತಿದ್ರಾ?"

"ಒಂದೊಂದ್ಸಲ."

"ಯಾವ್ಯಾವಾಗ?"

"ಗೊತ್ತಿಲ್ಲ ಮಾರಾಯ್ತಿ. ಕಾಲು ತಾನಾಗೇ ಹೋಗಿಬಿಡತ್ತೆ."

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಬ್ರೇಕು ಹದವಾಗಿದೆ ಎಂದು ನಾನು ಹೆಮ್ಮೆ ಪಟ್ಟದ್ದೆಲ್ಲ ಅವಳದ್ದರ್ಧ, ನನ್ನದರ್ಧ ಆಗಿತ್ತು. ಎಲ್ಲಿಂದ ಎಲ್ಲಿಗೆ ಯಾರದ್ದು ಎಂದು ನನಗೇ ತಿಳಿಯದು. ತನ್ನ ಬುದ್ಧಿಯ ಮೇಲೆ ನಂಬಿಕೆ ಹೋದವಳಿಗೆ ನಾನು ಕಲಿಸಿದ್ದು ಇದನ್ನೇ ಎಂದು ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡೆ. ಅವರು ನಮ್ಮ ಡ್ರೈವಿಂಗ್ ಶಾಲೆಯ ಆಫೀಸು ನೋಡಿಕೊಳ್ಳುವವರು. "ಎಲ್ಲರೂ ಮಾಡೋದೇ ಅಲ್ವೇನೇ, ಅದಕ್ಕೇ ಅಲ್ವಾ ಪೆಡಲ್ ಕೊಟ್ಟಿರೋದು" ಅಂದರು. ಸಮಾಧಾನವಾಗಲಿಲ್ಲ.

ಕೆಲವು ದಿನ ಬಿಟ್ಟು ಬಂದಳು, ಪಾಠಕ್ಕಲ್ಲ. ಇನ್ನು ಬರುವುದಿಲ್ಲ ಎಂದು ಹೇಳಲು. "ಅಂಗಡಿಯವರು ಹೇಳಿದ್ರು ಅಕ್ಕ, ನಿಂಗ್ಯಾಕೆ ಡ್ರೈವಿಂಗು, ನಾನಿಲ್ವಾ ಅಂತ. ನಿಜ ಅಲ್ವಾ? ನನ್ ಕೈಲಿ ಒಬ್ಬಳೇ ಆಗಲ್ಲ ಅಂತ ಗೊತ್ತಾಯ್ತಲ್ಲ. ಧನುರ್ಮಾಸ ಕಳೆದ ಮೇಲೆ ಅಣ್ಣ ಅತ್ತಿಗೆ ಅವರ ಮನೆ ನೋಡಕ್ಕೆ ಹೋಗ್ತಾರೆ. ನೋಡ್ಕೊಂಡು ಬಂದು ಮಾತು ಕೊಡ್ತಾರೆ."

ನಮ್ಮ ಕಡೆ ಧನುರ್ಮಾಸದಲ್ಲಿ ಮದುವೆಯ ಮಾತು ಎತ್ತುವುದಿಲ್ಲ. ಸಂಕ್ರಾಂತಿಯವರೆಗೆ ಎಲ್ಲ ನಿಂತಿರುತ್ತದೆ. ನನಗೆ ಆ ತಿಂಗಳಿನ ಮೇಲೆ ಅವತ್ತು ಉಂಟಾದಷ್ಟು ಭಕ್ತಿ ಹಿಂದೆಂದೂ ಉಂಟಾಗಿರಲಿಲ್ಲ. "ಮದುವೆ ನಿನ್ನಿಷ್ಟ. ನಾನು ಅಡ್ಡ ಬರಲ್ಲ. ಆದ್ರೆ ಲೈಸೆನ್ಸು ನನ್ನ ಮಾನದ ಪ್ರಶ್ನೆ. ಸಂಕ್ರಾಂತಿವರೆಗೆ ಬಾ" ಅಂದೆ. ಅವಳು ಒಪ್ಪದೆ ನಿಂತಳು. "ಫೀಸು ಬೇಡ, ಮಾತೂ ಬೇಡ. ಬೆಳಿಗ್ಗೆ ಬಂದು ಕೂತ್ಕೋ, ಅಷ್ಟೇ" ಅಂದೆ. ದೊಡ್ಡವರ ಮಾತು ತೆಗೆದುಹಾಕುವ ಸ್ವಭಾವ ಅವಳದ್ದಲ್ಲ, ನನಗೆ ಅದು ಗೊತ್ತಿತ್ತು. ಹೂಂ ಅಂದಳು.

ಮರುದಿನ ಬೆಳಿಗ್ಗೆ ನಾನು ಶಾಲೆಯ ಕಾರು ತೆಗೆಯಲಿಲ್ಲ. ನಮ್ಮ ಮನೆಯ ಹಳೇ ಬಿಳಿ ಕಾರಿಗೆ ಎಲ್ ಬೋರ್ಡು ಕಟ್ಟಿದೆ. ಗಂಡ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. "ಏ, ತಲೆ ನೆಟ್ಟಗಿದ್ಯಾ? ಇದ್ರಲ್ಲಿ ನಿನ್ನ ಕಡೆ ಬ್ರೇಕಿಲ್ಲ!"

"ಇಲ್ಲ ಅಂತಲೇ ತಗೊಂಡ್ ಹೋಗ್ತಿರೋದು" ಅಂದೆ.

ಅವಳು ಬಂದು ಬಗ್ಗಿ ನನ್ನ ಕಾಲ ಬಳಿ ನೋಡಿದಳು. ಬರೀ ರಬ್ಬರ್ ಮ್ಯಾಟು. "ಅಕ್ಕ, ನಿಮ್ ಕಡೆ ಎಂತದೂ ಇಲ್ಲ" ಅಂದಳು, ಅಳುವ ದನಿಯಲ್ಲಿ. ನಾನು ಚಪ್ಪಲಿ ಬಿಟ್ಟು ಸೀಟಿನ ಮೇಲೆ ಎರಡೂ ಕಾಲು ಮಡಚಿ, ಊಟಕ್ಕೆ ಕೂತ ಹಾಗೆ ಚಕ್ಕಳಮಕ್ಕಳ ಕೂತು, ಮೇಲಿಂದ ಬೆಲ್ಟು ಹಾಕಿಕೊಂಡೆ. ಐವತ್ತು ದಾಟಿದ ನನ್ನ ಮಂಡಿಗೆ ಅದು ಸುಲಭದ ಕೆಲಸವಲ್ಲ. ಅವಳು ನನ್ನನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು. ಇಷ್ಟು ದಿನದಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಮೊದಲಿನಿಂದ ಶುರು ಮಾಡಿದೆವು. ಹೈಸ್ಕೂಲ್ ಮೈದಾನದಲ್ಲಿ ಇಂಜಿನ್ ಹಾಕದೆ, ಕಣ್ಣು ಮುಚ್ಚಿಸಿ, ಬ್ರೇಕು ಎಲ್ಲಿ ಗಟ್ಟಿಯಾಗುತ್ತದೆ ಎಂದು ಕಾಲಿಗೇ ಗೊತ್ತಾಗುವವರೆಗೆ ಒತ್ತಿಸಿದೆ. ಆಮೇಲೆ ಸಮತಟ್ಟಿನಲ್ಲಿ ನಿಧಾನಕ್ಕೆ ಓಡಿಸಿ, ನಿಲ್ಲಿಸುವ ಮೊದಲು ಬಾಯಿಬಿಟ್ಟು "ನಿಲ್ಲಿಸ್ತೀನಿ" ಎಂದು ಹೇಳಿಸಿದೆ. ಮೊದಮೊದಲು ದನಿಯೇ ಹೊರಡುತ್ತಿರಲಿಲ್ಲ. ಕಾರು ಮುಗ್ಗರಿಸಿ ನಿಲ್ಲುತ್ತಿತ್ತು, ನನ್ನ ಹಣೆ ಡ್ಯಾಶ್‌ಬೋರ್ಡಿನ ಹತ್ತಿರ ಹೋಗಿ ಬರುತ್ತಿತ್ತು. ಶಾಲೆಯ ಕಾರಿನಲ್ಲಿ ಕಲಿತ ನಯವೆಲ್ಲ ಎಲ್ಲಿ ಹೋಯಿತೋ. ಇರಲಿ, ಮುಗ್ಗರಿಸಿದರೂ ಅದು ಅವಳದ್ದೇ ಎಂದುಕೊಂಡೆ.

ಒಂದು ಬೆಳಿಗ್ಗೆ ಅವಳು ಕಾಫಿ ಎಸ್ಟೇಟೊಂದರ ಗೇಟಿನ ಕಲ್ಲುಕಂಬಕ್ಕೆ ನಮ್ಮ ಕಾರಿನ ಬಾಗಿಲು ಉಜ್ಜಿದಳು. ಫೋನು ಬಡಿದುಕೊಂಡಿತ್ತು, ಕಣ್ಣು ಅತ್ತ ಹೋಗಿತ್ತು. ಗರ್ರ್ ಎಂದು ಬಾಗಿಲಿನುದ್ದಕ್ಕೂ ಗೆರೆ. ನನ್ನ ಸ್ವಭಾವ ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಬೈದೆ. ಚೆನ್ನಾಗಿಯೇ ಬೈದೆ. "ಸಾಯ್ಲಿ ಅತ್ಲಾಗೆ ಆ ಫೋನು! ರಸ್ತೆ ನೋಡ್ತೀಯೋ, ಅದನ್ನ ನೋಡ್ತೀಯೋ? ಕಣ್ಣೆಲ್ಲಿತ್ತೇ ನಿಂದು?" ಅವಳ ಮುಖ ಬಿಳಿಚಿಕೊಂಡಿತು. ಕಾರನ್ನು ನಾನೇ ಮನೆಗೆ ತಂದೆ.

ಮರುದಿನ ಎಂದಿನ ಹೊತ್ತಿಗೆ ಅವಳ ಮನೆಯ ಮುಂದೆ ಹಾರ್ನ್ ಮಾಡಿದೆ. ಯಾರೂ ಬರಲಿಲ್ಲ. ಮತ್ತೆ ಮಾಡಿದೆ. ಕೂದಲಿಗೆ ಎಣ್ಣೆ ಹಚ್ಚಿಕೊಂಡ ಹಾಗೇ ಬಂದು, ಬಾಗಿಲಿನ ಗೆರೆಯನ್ನೂ ನನ್ನನ್ನೂ ನೋಡುತ್ತ ನಿಂತಳು.

"ನೀವು ಬರಲ್ಲ ಅಂದ್ಕೊಂಡಿದ್ದೆ ಅಕ್ಕ."

"ಯಾಕೆ?"

"ನಿನ್ನೆ ಅಷ್ಟು ಬೈದ್ರಲ್ಲ."

"ಬೈದೆ ಅಷ್ಟೇ ಮಾರಾಯ್ತಿ. ಬಿಟ್ಟೆ ಅಂದ್ನಾ?"

ಅವಳು ಅಲ್ಲೇ ಕಾರಿಗೆ ಒರಗಿ ಅತ್ತಳು. ಅವಳ ಅತ್ತಿಗೆ ಏನೋ ಆಯಿತೆಂದು ಸೌಟು ಹಿಡಿದೇ ಹೊರಗೆ ಬಂದರು. ಏನೂ ಆಗಿರಲಿಲ್ಲ. ಸಿಟ್ಟು ಬಂದವರೂ ಮರುದಿನ ಬರುತ್ತಾರೆ ಎನ್ನುವುದು ಅವಳಿಗೆ ಹೊಸ ಸಂಗತಿ, ಅಷ್ಟೇ. ನನಗೂ ಕಣ್ಣು ತುಂಬಿತು. ಕೂದಲು ಬಾಚಿಕೊಂಡು ಬಾ, ತಡವಾಗುತ್ತದೆ ಎಂದು ಗದರಿದೆ. ಆವತ್ತು ಅವಳು ಹತ್ತಿದ ಕೂಡಲೇ ಫೋನಿನ ಸದ್ದು ಆರಿಸಿ, ನನ್ನ ಎದುರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟು ಮುಚ್ಚಿದಳು.

ಅದಾದ ಮೇಲೆ ನರಸಿಂಹರಾಜಪುರದ ರಸ್ತೆಯಲ್ಲಿ ಏರು ಹತ್ತಿಸುವ ಪಾಠ. ಎದುರಿಗೆ ಒಂದು ಟ್ರಾಕ್ಟರು ಏರಿನ ನಡುವೆ ಕೆಟ್ಟು ನಿಂತಿತು. ನಾವು ಅದರ ಹಿಂದೆ, ನಮ್ಮ ಹಿಂದೆ ಒಂದು ಪ್ರೈವೇಟ್ ಬಸ್ಸು, ಬಂಪರಿಗೆ ಬಂಪರ್ ಅಂಟುವ ಹಾಗೆ. ಟ್ರಾಕ್ಟರನ್ನು ಹೇಗೋ ಬದಿಗೆ ಸರಿಸಿದರು. ಇನ್ನು ನಾವು ಹೊರಡಬೇಕು. ಕ್ಲಚ್ಚು ಬೇಗ ಬಿಟ್ಟರೆ ಇಂಜಿನ್ ಬಂದ್, ಹ್ಯಾಂಡ್ ಬ್ರೇಕು ಬೇಗ ಇಳಿಸಿದರೆ ಕಾರು ಹಿಂದೆ ಜಾರಿ ಬಸ್ಸಿಗೆ. ಮೊದಲ ಸಲ ಬಂದ್ ಆಯಿತು. ಬಸ್ಸಿನ ಹಾರ್ನು ಕಿವಿ ಹರಿಯಿತು. ಎರಡನೇ ಸಲವೂ ಬಂದ್. ಕಂಡಕ್ಟರು ಇಳಿದು ಬಂದು ನಮ್ಮ ಕಾರಿನ ಮೇಲೆ ಪಟಪಟ ಬಡಿದು, "ಹೋಗಿ ಅಮ್ಮಾ, ಟೈಮಿಂಗ್ ಇದೆ" ಎಂದ.

ನನ್ನ ಕೈ ಹ್ಯಾಂಡ್ ಬ್ರೇಕಿನ ಹತ್ತಿರ ಹೋಯಿತು. ಅದೊಂದೇ ನಮ್ಮಿಬ್ಬರ ನಡುವೆ ಇದ್ದದ್ದು. ಹಿಡಿದುಕೊಂಡರೆ ಅವಳಿಗೆ ಸುಲಭ. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ. ಅವಳು ಅದನ್ನು ನೋಡಿದಳು. ಒಮ್ಮೆ ಉಸಿರೆಳೆದು, ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟಳು. ಸೀಟಿನಡಿ ಅದುರತೊಡಗಿತು. ಕಾರಿನ ಮೂತಿ ಕೊಂಚ ಮೇಲೆದ್ದಿತು. ಅಲ್ಲಿ ಕಾಲು ತಡೆದು, ಆಕ್ಸಿಲೇಟರ್ ಕೊಟ್ಟು, ಹ್ಯಾಂಡ್ ಬ್ರೇಕು ಇಳಿಸಿದಳು. ಕಾರು ಒಂದಿಂಚೂ ಹಿಂದೆ ಹೋಗದೆ ಏರು ಹತ್ತಿತು. ಮೇಲೆ ಹೋಗಿ, ಬದಿಗೆ ಹಾಕಿ, "ನಿಲ್ಲಿಸ್ತೀನಿ" ಎಂದು ನಿಲ್ಲಿಸಿದಳು. ನಾನು ಕಾಯುತ್ತಿದ್ದೆ. ಪ್ರಶ್ನೆ ಬರಲಿಲ್ಲ.

ಅಲ್ಲೇ ಒಂದು ಚಹಾದ ಅಂಗಡಿಯಿತ್ತು. ಚಹಾ ಕುಡಿಯುತ್ತಿದ್ದಾಗ ಬೈಕೊಂದು ಬಂದು ಧೂಳೆಬ್ಬಿಸಿ ನಿಂತಿತು. ಹಾರ್ಡ್‌ವೇರ್ ಅಂಗಡಿಯವರು! ನಾನು ಅವರನ್ನು ನೋಡಿದ್ದು ಅದೇ ಮೊದಲು. ಹಣೆಯ ವಿಭೂತಿ ಬೆವರಲ್ಲಿ ಅರ್ಧ ಕರಗಿತ್ತು. ಹೆಲ್ಮೆಟ್ ತೆಗೆಯುತ್ತಲೇ ಕೂಗಿದರು.

"ಎಷ್ಟು ಸಲ ಫೋನ್ ಮಾಡೋದು? ಎತ್ತಕ್ಕಾಗಲ್ವಾ? ಅಂಗಡಿ ಬಾಗ್ಲು ಹಾಕ್ಕೊಂಡು ಕೊಪ್ಪಕ್ಕೆ ಹೊರಟಿದ್ದೆ ನಾನು!"

ಜಗಳಕ್ಕೆ ನಾನು ಸೆರಗು ಸಿಕ್ಕಿಸಿಕೊಂಡೇ ಇದ್ದೆ. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಅದು ಸಿಟ್ಟಿನ ಮುಖ ಆಗಿರಲಿಲ್ಲ. ಅವಳು ಅವರಿಗೆ ಬೆಂಚು ತೋರಿಸಿ, ನೀರು ಕೊಟ್ಟು, ರಕ್ತ ಕೊಡಲು ಬಂದವರ ಹತ್ತಿರ ಮಾತಾಡುವ ದನಿಯಲ್ಲಿ, "ಕೂತ್ಕೊಳ್ಳಿ. ನಂಗೇನೂ ಆಗಿಲ್ಲ. ಗಾಡಿ ಓಡಿಸ್ತಿದ್ದೆ, ಅದ್ಕೆ ಎತ್ತಲಿಲ್ಲ" ಅಂದಳು.

ಅವರು ನೀರು ಕುಡಿದರು. "ನಂಗೆ ಹಂಗೆ ಆಗತ್ತೆ. ಯಾರಾದ್ರೂ ಫೋನ್ ಎತ್ತದೇ ಇದ್ರೆ ಉಸಿರು ಕಟ್ಟತ್ತೆ. ಸಣ್ಣೋನಿದ್ದಾಗ ಅಮ್ಮನ್ನ ಆಸ್ಪತ್ರೆಗೆ ಅಂತ ಕರ್ಕೊಂಡ್ ಹೋದ್ರು, ಸಂಜೆ ಬರ್ತಾಳೆ ಅಂದ್ರು..." ಉಳಿದ ನೀರನ್ನೂ ಕುಡಿದರು. ಆಮೇಲೆ ನಗಲು ನೋಡುತ್ತ ಅಂದರು: "ಮದುವೆ ಆದ್ಮೇಲೆ ನಿಂಗೆ ಇದೆಲ್ಲಾ ಬೇಡ. ಎಲ್ಲಿಗೆ ಹೋಗೋದಿದ್ರೂ ನಾನೇ ಕರ್ಕೊಂಡ್ ಹೋಗ್ತೀನಿ, ನಾನೇ ಕರ್ಕೊಂಡ್ ಬರ್ತೀನಿ."

ಅವರು ಹೋದ ಮೇಲೆ ಅವಳು ಸ್ಟೇರಿಂಗ್ ಮುಂದೆ ಕೂತು, ಕೀ ತಿರುಗಿಸದೆ ನನ್ನ ಕಡೆ ತಿರುಗಿದಳು.

"ಅಕ್ಕ, ಈ ಮಾತು ಮುಂಚೆ ಕೇಳಿದ್ರೆ ಸಂತೋಷಕ್ಕೆ ಅತ್ತೇ ಬಿಡ್ತಿದ್ದೆ. ಈಗ ಕುತ್ತಿಗೆ ಹತ್ರ ಬ್ಲೌಸು ಬಿಗಿ ಆದಂಗಾಯ್ತು. ಅವರು ಬದಲಾಗಿಲ್ಲ. ಅದೇ ಮನುಷ್ಯ, ಅದೇ ಮಾತು."

ನಾನು ಬೆಲ್ಟು ಹಾಕಿಕೊಂಡೆ.

"ಕೆಟ್ಟೋರಲ್ಲ ಅಕ್ಕ."

"ಅಲ್ಲವೇ ಅಲ್ಲ. ಪಾಪ."

"ಅವರಿಗೂ ನನ್ನ ಹಂಗೇ ಹೆದ್ರಿಕೆ. ಇಬ್ರೂ ಹೆದ್ರಿಕೊಂಡು ಒಬ್ಬರನ್ನೊಬ್ರು ಹಿಡ್ಕೊಂಡ್ರೆ, ಅದು ಸಂಸಾರ ಆಗತ್ತಾ?"

"ನನ್ನ ಕೇಳ್ಬೇಡ. ನಂಗೆ ಗೇರು, ಕ್ಲಚ್ಚು ಬಿಟ್ರೆ ಎಂತದೂ ಗೊತ್ತಿಲ್ಲ" ಅಂದೆ. ಗೊತ್ತಿತ್ತು. ಆದರೆ ಇದೂ ಒಂದು ಬ್ರೇಕು. ನಾನು ಒತ್ತಿಬಿಟ್ಟರೆ ಮತ್ತೆ ಅವಳದ್ದಲ್ಲ.

ಅದೇ ವಾರ ಅವಳೇ ಅವರಿಗೆ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಿದಳು. ಅವರು ಅತ್ತರಂತೆ. ಅಳು ಮುಗಿಯುವವರೆಗೂ ಇವಳು ಫೋನು ಇಡಲಿಲ್ಲವಂತೆ. ಹೇಳದೆ ಹೋಗುವುದು ಎಂಥದೆಂದು ಗೊತ್ತಿದ್ದವಳು, ಹೇಳಿಯೇ ಹೋದಳು. ಅಣ್ಣ ಒಂದು ದಿನ ಇಡೀ ಮಾತು ಬಿಟ್ಟರು. ಇನ್ನೆಂಥ ಗಂಡು ಬೇಕಂತೆ ಇವಳಿಗೆ ಎಂದು ನಮ್ಮ ಆಫೀಸಿಗೆ ಬಂದು ಕೂಗಾಡಿದರು. ತಂಗಿ ಮತ್ತೆ ಗೇಟಿನ ಹತ್ತಿರ ನಿಲ್ಲುವ ಹಾಗೆ ಆಗಬಾರದು ಎನ್ನುವ ಭಯ ಅದು. ಚಹಾ ಕೊಟ್ಟು ಕಳಿಸಿದೆ.

ಸಂಕ್ರಾಂತಿಯ ಎಳ್ಳು ಬೆಲ್ಲ ತಿಂದ ಮೇಲೆ ಬಂದ ಕ್ಯಾಂಪಿನಲ್ಲಿ ಅವಳು ಮೈಲಿಗಲ್ಲಿನ ಹತ್ತಿರವೇ ನಿಲ್ಲಿಸಿದಳು. ಅದೇ ಇನ್ಸ್‌ಪೆಕ್ಟರು. "ಈ ಸಲ ಕೇಳಲ್ವಾ ಅಮ್ಮ?" ಅಂದರಂತೆ. "ಗೊತ್ತು ಸರ್" ಅಂದಳಂತೆ.

ಲೈಸೆನ್ಸು ಬಂದ ಮೇಲೆ, ಅಡ್ಡಗದ್ದೆಯವರ ಮನೆಯನ್ನೂ ಒಮ್ಮೆ ನೋಡಿ ಬರೋಣ ಎಂದು ಅವಳೇ ಅಂದಳು, ನಮ್ಮ ಬಿಳಿ ಕಾರಿನಲ್ಲೇ ಹೊರಟೆವು. ಹುಡುಗಿ ಕಡೆಯವರು ಹುಡುಗನ ಮನೆ ನೋಡಲು ಹೋಗುವುದು ನಮ್ಮಲ್ಲಿ ಪದ್ಧತಿ. ಹುಡುಗಿ ಹೋಗುವುದು ಕಡಿಮೆ, ಹೋದರೂ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು. ಈ ಸಲ ಅಣ್ಣ ಅತ್ತಿಗೆ ಹಿಂದೆ, ನಾನು ಮುಂದೆ, ಓಡಿಸುವವಳು ಅವಳು. ಅಣ್ಣ ಕೊಪ್ಪದಿಂದ ಹರಿಹರಪುರದವರೆಗೆ ಮೇಲಿನ ಹಿಡಿಕೆಯನ್ನು ಬಿಡಲೇ ಇಲ್ಲ. ಅತ್ತಿಗೆ ಮಾತ್ರ ಕಿಟಕಿ ಇಳಿಸಿ ಆರಾಮಾಗಿ ಕೂತಿದ್ದರು.

ಅಲ್ಲಿ ಅಂಗಳ ಇಕ್ಕಟ್ಟು. ರಿವರ್ಸ್ ಹಾಕಿಯೇ ಒಳಗೆ ಹೋಗಬೇಕು. ಹೆಂಗಸು ರಿವರ್ಸ್ ತೆಗೆಯುವುದು ಕಂಡರೆ ನಮ್ಮ ಸೀಮೆಯ ಗಂಡಸರಿಗೆಲ್ಲ ಗುರುಗಳಾಗುವ ಹುಚ್ಚು. ಬರ್ಲಿ ಬರ್ಲಿ, ಲೆಫ್ಟ್ ಹೊಡೀರಿ, ಅಯ್ಯೋ ರೈಟು ಎಂದು ನಾಲ್ಕು ಕಡೆಯಿಂದ ಕೈ ಬೀಸುತ್ತಾರೆ. ಆಗಲೂ ಹುಡುಗನ ಚಿಕ್ಕಪ್ಪ, ಪಕ್ಕದ ಮನೆಯವರು, ಹಿಂದೆ ಕೂತ ಅಣ್ಣ, ಎಲ್ಲರೂ ಕೂಗತೊಡಗಿದರು. ದನದ ಇನ್ಸ್‌ಪೆಕ್ಟರು ಮನೆಯಿಂದ ಹೊರಗೆ ಬಂದರು. ತಮ್ಮ ಬೈಕನ್ನು ತಳ್ಳಿ ಬದಿಗಿಟ್ಟರು. ಆಮೇಲೆ ಅವಳ ಕನ್ನಡಿಗೆ ಕಾಣುವ ಜಾಗ ನೋಡಿ ಅಲ್ಲಿ ಹೋಗಿ, ಕೈ ಕಟ್ಟಿ ನಿಂತರು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಅವಳು ಎರಡು ಸಲ ಮುಂದೆ ಹೋಗಿ, ಮೂರನೇ ಸಲಕ್ಕೆ ಕಾರನ್ನು ನೆಟ್ಟಗೆ ಒಳಗೆ ತಂದಳು.

ಇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಏನ್ರೀ, ನೀವೊಬ್ರು ದಾರಿ ಹೇಳ್ಲಿಲ್ಲ?"

"ಓಡಿಸೋರು ಅವರಲ್ವಾ?" ಅಂದರು. ಸ್ವಲ್ಪ ಯೋಚಿಸಿ, "ಇಂಜೆಕ್ಷನ್ ಕೊಡಕ್ಕೆ ಹೋದಾಗ್ಲೂ ಹಂಗೆ. ದನಕ್ಕೆ ನಾವು ಕಾಣ್ತಾ ಇದ್ರೆ ಸಾಕು, ಹೆದರಲ್ಲ."

"ಓಹೋ, ನಮ್ಮ ಹುಡುಗೀನ ದನ ಅಂದ್ಕೊಂಡ್ರಾ!" ಅಂದೆ. ಅವರ ಕಿವಿ ಕೆಂಪಾಯಿತು. ಲ್ಯಾಬಿನ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಕಾಫಿಯಾದ ಮೇಲೆ ಅವರಿಬ್ಬರೂ ಜಗಲಿಯಲ್ಲಿ ಮಾತಿಗೆ ಕೂತರು. ಕಿಟಕಿಯ ಒಳಗೆ ಕೂತ ನನಗೆ ಎಲ್ಲ ಕೇಳುತ್ತಿತ್ತು. ಕೇಳಬಾರದೆಂದು ಎದ್ದು ಹೋಗುವಷ್ಟು ಒಳ್ಳೆಯವಳಲ್ಲ ನಾನು.

ಅವಳು ನೇರವಾಗಿಯೇ ಕೇಳಿದಳು. "ನೀವು ಫೋನ್ ಮಾಡೋದೇ ಅಪರೂಪ. ನಾನು ಏನಂದ್ಕೋಬೇಕು?"

ಅವರು ತಡವರಿಸಿದರು. "ಮಾಡ್ಬೇಕು ಅನ್ಸತ್ತೆ. ಏನ್ ಮಾತಾಡೋದು ಅಂತ ಗೊತ್ತಾಗಲ್ಲ. ಕೊಟ್ಟಿಗೆಯಲ್ಲಿದ್ದಾಗ ಮರ್ತೂ ಹೋಗತ್ತೆ, ಸುಳ್ಳು ಹೇಳಲ್ಲ."

"ಮದುವೆ ಆದ್ಮೇಲೂ ಮರೀತೀರಾ?"

"ಮನೆಗೆ ಬರೋದು ಮರೆಯಲ್ಲ. ತಡ ಆಗೋದಿದ್ರೆ ಹೇಳ್ತೀನಿ. ಹೇಳೋದು ಮರ್ತೆ ಅಂದ್ರೆ ನೀವೇ ಫೋನ್ ಮಾಡಿ ಬೈರಿ."

"ಬೈದ್ರೆ?"

"ಬೈಸ್ಕೊಂಡು ಮನೆಗೆ ಬರ್ತೀನಿ. ಮತ್ತೆಲ್ಲಿಗೆ ಹೋಗ್ಲಿ?"

ಆಮೇಲೆ ಜಗಲಿಯಲ್ಲಿ ಮಾತು ನಿಂತಿತು. ಆ ಮೌನಕ್ಕೆ ಅವಳು ಹೆದರಲಿಲ್ಲ. ನಾನು ಬಗ್ಗಿ ನೋಡಿದಾಗ ಅವಳು ಹಾಯಾಗಿ ಕಂಬಕ್ಕೆ ಒರಗಿ ಕೂತಿದ್ದಳು. ಈ ಹುಡುಗಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಕೇಳಿಕೊಂಡೆ.

ವಾಪಸ್ಸು ಬರುವಾಗ ಅಣ್ಣ ಹಿಡಿಕೆ ಬಿಟ್ಟು, ಹಿಂದಿನಿಂದ ಮೆಲ್ಲಗೆ ಕೇಳಿದರು. "ಅವರಿಗೆ ಏನಂತ ಹೇಳ್ಲಿ?"

"ನಾನೇ ಹೇಳಿದೀನಿ ಅಣ್ಣ."

"ಎಂತ ಹೇಳ್ದೆ?"

"ಅವಸರ ಇಲ್ಲ ಅಂದೆ. ಅವರೂ ಅವಸರ ಇಲ್ಲ ಅಂದ್ರು. ಆಮೇಲೆ ಇಬ್ರೂ ಹೂಂ ಅಂದ್ವಿ."

ಅತ್ತಿಗೆ ಹಿಂದಿನಿಂದ ಅವಳ ಹೆಗಲು ಹಿಡಿದು ಅಲ್ಲಾಡಿಸಿದರು. ಗಾಡಿ ಓಡಿಸುವಾಗ ಮುಟ್ಟಬೇಡಿ ಎಂದು ನಾನು ಗದರಿದೆ. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು.

ಹರಿಹರಪುರ ದಾಟಿದ ಮೇಲೆ ನಮ್ಮ ಮುಂದೆ ಹೋಗುತ್ತಿದ್ದ ಪ್ರೈವೇಟ್ ಬಸ್ಸು, ಕೈ ತೋರಿದ ಯಾರನ್ನೋ ಹತ್ತಿಸಿಕೊಳ್ಳಲು ಗಕ್ಕನೆ ನಿಂತಿತು. ನಮ್ಮ ಕಾರು ಮುಗ್ಗರಿಸದೆ, ಯಾರ ತಲೆಯೂ ಅಲ್ಲಾಡದೆ, ಒಂದು ಮಾರು ಹಿಂದೆ ತಣ್ಣಗೆ ನಿಂತಿತು. ನನ್ನ ಬಲಗಾಲು ಮಾತ್ರ, ಅದರ ಹಳೇ ಚಾಳಿ, ರಬ್ಬರ್ ಮ್ಯಾಟನ್ನು ಜೀವ ಹೋಗುವ ಹಾಗೆ ಒತ್ತಿ ಹಿಡಿದಿತ್ತು.

ಅವಳು ನನ್ನ ಕಾಲಿನ ಕಡೆ ನೋಡಿದಳು. ತುಟಿ ಕಚ್ಚಿ ನಗು ತಡೆದುಕೊಂಡಳು.

"ಅಕ್ಕ, ಈಗ ನಿಲ್ಸಿದ್ದು ನಾನಾ, ನೀವಾ?"

"ನೀನೇ ಮಾರಾಯ್ತಿ" ಅಂದೆ, ಮ್ಯಾಟಿನ ಮೇಲಿಂದ ಕಾಲು ತೆಗೆಯುತ್ತ. "ಮತ್ಯಾರು ನಿಲ್ಲಿಸ್ತಾರೆ?"